ಕೆಎ ಬೋರ್ಡಿನ ಹಳೆ ನೆಕ್ಸಾನ್ ಇವಿ ಕಾಸರಗೋಡಿಗೆ ತಂದರೆ ಸರಿಯಾದ ಬೆಲೆ ಎಷ್ಟು?

ಬದಿಯಡ್ಕದವ

ಹಳೆ ಇಲೆಕ್ಟ್ರಿಕ್ ಕಾರು (ಇವಿ) ತೆಗೆದುಕೊಳ್ಳಲಿಕ್ಕೆ ಟಾಟಾದ ಎರಡು ಕಾರು ನೋಡಿ ಇಟ್ಟಿದ್ದೇನೆ. ಬೆಲೆ ಸರಿ ಉಂಟಾ ಅಂತ ಗೊತ್ತಿದ್ದವರು ಹೇಳಿ.

ಒಂದು, ನೆಕ್ಸಾನ್ ಇವಿ ಎಕ್ಸ್‌ಝೆಡ್ ಪ್ಲಸ್, 30.2 ಕಿಲೋವ್ಯಾಟ್ ಅವರ್ ಬ್ಯಾಟರಿ, 2021ರ ನವೆಂಬರ್ ರಿಜಿಸ್ಟ್ರೇಶನ್, ಕೆಎ 19, ಓಡಿದ್ದು 52,000 ಕಿ.ಮೀ. ಮಂಗಳೂರಿನಲ್ಲಿ ಉಂಟು. ಕೇಳುವುದು 8.25 ಲಕ್ಷ. ಇನ್ನೊಂದು ಟಿಯಾಗೊ ಇವಿ ಎಕ್ಸ್‌ಟಿ, 24ರ ಬ್ಯಾಟರಿ, 2023ರ ಮೇ, ಕೆಎಲ್ 14 (ಕಾಸರಗೋಡಿನದ್ದೇ ನಂಬರ್), 31,000 ಕಿ.ಮೀ., 6.90 ಲಕ್ಷ. ಎರಡೂ ಒಬ್ಬರದ್ದೇ ಕೈಯಲ್ಲಿ ಇದ್ದ ಗಾಡಿಗಳು.

ಓಡಾಟ ದಿನಾ ಬದಿಯಡ್ಕ–ಕಾಸರಗೋಡು ಹೋಗಿ ಬರುವುದು, ವಾರಕ್ಕೆ ಎರಡು ಸಲ ಮಂಗಳೂರು. ಚಾರ್ಜ್ ಮನೆಯಲ್ಲೇ. ಬಜೆಟ್ ಏಳೂವರೆ, ಎಳೆದರೆ ಎಂಟು. ನೆಕ್ಸಾನಿನವರು ಹೇಳುವುದು, "ಬಿಲ್ ಹದಿನೈದೂವರೆ ಲಕ್ಷದ್ದು, ಅರ್ಧ ಕ್ರಯಕ್ಕೆ ಕೊಡ್ತಾ ಇದ್ದೇನೆ" ಅಂತ.

ಲೆಕ್ಕದ ಮಾಸ್ಟ್ರು

ಬಿಲ್ಲನ್ನು ಮಡಚಿ ಅವರಿಗೇ ಕೊಡಿ. ಇಲೆಕ್ಟ್ರಿಕ್ ಕಾರಿನಲ್ಲಿ ಹಳೆ ಬಿಲ್ಲಿಗೆ ಬೆಲೆ ಇಲ್ಲ, ಯಾಕೆಂದರೆ ಹೊಸ ಕಾರಿನ ಕ್ರಯವೇ ಕೆಳಗೆ ಇಳಿದಿದೆ. ಟಾಟಾ 2024ರ ಫೆಬ್ರವರಿಯಲ್ಲಿ ನೆಕ್ಸಾನ್ ಇವಿಗೆ 1.2 ಲಕ್ಷದ ವರೆಗೆ ಇಳಿಸಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಇಳಿಸಿ ಶುರುವಿನ ಎಕ್ಸ್‌ಶೋರೂಂ ಬೆಲೆಯನ್ನು 12.49 ಲಕ್ಷಕ್ಕೆ ತಂದಿತು. 2021ರಲ್ಲಿ ಹದಿನೈದೂವರೆ ಕೊಟ್ಟವರ ನಷ್ಟ ಅವರದ್ದು, ಅದನ್ನು ನಿಮ್ಮ ತಲೆಗೆ ಕಟ್ಟಲಿಕ್ಕೆ ಇಲ್ಲ.

ನಾನು ಕಾರನ್ನು ಎರಡು ತುಂಡು ಮಾಡಿ ಲೆಕ್ಕ ಹಾಕುವುದು. ಬ್ಯಾಟರಿ ಒಂದು ತುಂಡು, ಉಳಿದ ಗಾಡಿ ಇನ್ನೊಂದು. ಇವತ್ತು ಹೊಸ ನೆಕ್ಸಾನ್ ಇವಿ ಕೇರಳದಲ್ಲಿ ತೆರಿಗೆ, ಇನ್ಶೂರೆನ್ಸ್ ಸೇರಿ 13.6 ಲಕ್ಷಕ್ಕೆ ರಸ್ತೆಗೆ ಬರ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಮೂರನೇ ಒಂದು ಪಾಲು, ಅಂದರೆ 4.5 ಲಕ್ಷ ಬ್ಯಾಟರಿಗೆ, 9.1 ಲಕ್ಷ ಗಾಡಿಗೆ ಹಿಡಿಯಿರಿ.

ಗಾಡಿಯ ಭಾಗ ಪೆಟ್ರೋಲ್ ಕಾರಿನ ಹಾಗೇ ಸವೆಯುವುದು. ನಾಲ್ಕು ವರ್ಷಕ್ಕೆ ಅರ್ಧ ಹಿಡಿದರೆ 4.55.

ಬ್ಯಾಟರಿಗೆ ಮೂರು ಅಳತೆ ಹಾಕಿ, ಮೂರರಲ್ಲಿ ಕಡಿಮೆ ಬಂದದ್ದನ್ನು ಹಿಡಿಯಿರಿ. ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ವರ್ಷದಲ್ಲಿ ಉಳಿದದ್ದು ಅರ್ಧ. ಕಿಲೋಮೀಟರಿನಲ್ಲಿ ಉಳಿದದ್ದು 1,08,000, ಅಂದರೆ ಶೇ. 67. ಮೂರನೆಯದು ಅಳೆದು ನೋಡಿದ ಆರೋಗ್ಯ: ಶೇ. 100ರಿಂದ 70ಕ್ಕೆ ಇಳಿಯುವ ತನಕ ಉಪಯೋಗದ ಆಯುಷ್ಯ ಎಂದು ಲೆಕ್ಕ. ಈಗ ಶೇ. 88 ಇದ್ದರೆ 30ರಲ್ಲಿ 18 ಉಳಿಯಿತು, ಶೇ. 60. ಮೂರರಲ್ಲಿ ಕಡಿಮೆ 50. ಹಾಗಾಗಿ ಬ್ಯಾಟರಿಗೆ 2.25.

ಒಟ್ಟು 6.80. ಟಯರು, ತೆರಿಗೆ ಇನ್ನೂ ಕಳೆಯಲಿಲ್ಲ.

ಮಂಜೇಶ್ವರ66

ಮಾಸ್ಟ್ರೆ, ಗಾಡಿಗೆ ಅರ್ಧ ಅಂದರೆ ಜಿಪುಣತನ ಆಯ್ತು. ಇದರಲ್ಲಿ ಇಂಜಿನ್ ಇಲ್ಲ, ಕ್ಲಚ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ, ಸೈಲೆನ್ಸರ್ ತುಕ್ಕು ಹಿಡಿಯುವ ಪ್ರಶ್ನೆ ಇಲ್ಲ. 52,000 ಓಡಿದ ಮೋಟರಿಗೆ ಏನೂ ಆಗಿರುವುದಿಲ್ಲ. ಶೇ. 60 ಹಿಡಿಯಬೇಕು. ಆಗ 5.46 ಮತ್ತು 2.25, ಒಟ್ಟು 7.71.

ಲೆಕ್ಕದ ಮಾಸ್ಟ್ರು

ಮೋಟರ್ ಸರಿ, ಒಪ್ಪಿದೆ. ಆದರೆ ಕಡಲ ಬದಿಯ ಗಾಡಿಯಲ್ಲಿ ಸಸ್ಪೆನ್ಶನ್ನು, ಬ್ರೇಕು, ಅಡಿಭಾಗದ ಬೋಲ್ಟುಗಳು? 1,400 ಕಿಲೋ ಭಾರದಲ್ಲಿ ಲೋವರ್ ಆರ್ಮ್ ಬುಶ್ ಬೇಗ ಹೋಗ್ತದೆ. ಅಡಿ ನೋಡಿ ತೃಪ್ತಿ ಆದರೆ 60 ಕೊಡಿ, ಇಲ್ಲದಿದ್ದರೆ 50. ಅಡಿ ನೋಡದೆ ಯಾರೂ 60 ಕೊಡಬಾರದು.

ಚೆರ್ಕಳ ಸರ್ಕಲ್

ನೀವಿಬ್ಬರೂ ತಲಪಾಡಿಯ ಕರ್ನಾಟಕ–ಕೇರಳ ಗಡಿ ಮರೆತಿದ್ದೀರಿ. ಈ ಬೆಲೆಯಲ್ಲಿ ಅದೇ ದೊಡ್ಡ ತುಂಡು.

ಕರ್ನಾಟಕದಲ್ಲಿ 2021ರಲ್ಲಿ ಇಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಪೂರ್ತಿ ಮಾಫಿ ಇತ್ತು. ಕೇರಳದಲ್ಲಿ ಮಾಫಿ ಇಲ್ಲ. 2025ರ ಏಪ್ರಿಲ್‌ನಿಂದ ಇಲ್ಲಿ 15 ಲಕ್ಷದ ವರೆಗಿನ ಇವಿಗೆ ಶೇ. 5, 15ರಿಂದ 20ರ ತನಕ ಶೇ. 8, ಅದರ ಮೇಲೆ ಶೇ. 10. ಕೆಎ ಬೋರ್ಡಿನ ಗಾಡಿಯನ್ನು ಇಲ್ಲಿ ಕಾಯಂ ಇಟ್ಟುಕೊಂಡರೆ ಹನ್ನೆರಡು ತಿಂಗಳ ಒಳಗೆ ಕೇರಳದ ನಂಬರ್ ಮಾಡಿಸಬೇಕು, ಅದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಆಗ ತೆರಿಗೆ ಕಟ್ಟಬೇಕು. ಲೆಕ್ಕ ಹೋಗುವುದು ನೀವು ಕೊಟ್ಟ ಕ್ರಯದ ಮೇಲೆ ಅಲ್ಲ, ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ಕಡಿತ ಬಿಟ್ಟು. ಮಾಸ್ಟ್ರು ಮಡಚಿ ಕೊಡಿ ಅಂದ ಬಿಲ್ ಇಲ್ಲಿ ಎದ್ದು ಬರ್ತದೆ, ಅದೂ ನಿಮ್ಮ ವಿರುದ್ಧ.

ಪೆಟ್ರೋಲ್ ಕಾರಾದರೆ ಕರ್ನಾಟಕಕ್ಕೆ ಕಟ್ಟಿದ ತೆರಿಗೆಯಲ್ಲಿ ಉಳಿದ ಪಾಲನ್ನು ವಾಪಸ್ ಕೇಳಬಹುದು. ಇವಿಯಲ್ಲಿ ಕಟ್ಟಿಯೇ ಇಲ್ಲ, ವಾಪಸ್ ಎಲ್ಲಿಂದ?

ಕಾಗದದ ಕೆಲಸ ಹೀಗೆ: ಮಂಗಳೂರು ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಎಂಬ ಪತ್ರ. ಸಾಲ ಇದ್ದರೆ ಮೊದಲು ಬ್ಯಾಂಕಿನ ಸಹಿ ಆದ ಫಾರಂ 35 ಹಾಕಿ ಆರ್‌ಸಿಯಿಂದ ಹೈಪೊಥಿಕೇಶನ್ (ಸಾಲದ ನಮೂದು) ತೆಗೆಸಬೇಕು. ಮಾರಾಟಕ್ಕೆ ಫಾರಂ 29, 30. ಇಲ್ಲಿ ಹೊಸ ನಂಬರಿಗೆ ಫಾರಂ 27, ಗಾಡಿ ತೋರಿಸಿ ತಪಾಸಣೆ. ಹೊಗೆ ಸರ್ಟಿಫಿಕೇಟ್ ಬೇಡ. ಅರ್ಜಿ ಹಾಕಲಿಕ್ಕೆ ಅಕ್ಷಯ ಕೇಂದ್ರ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಸಾಕು, ಏಜೆಂಟ್ ಬೇಕೆಂದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಆರ್‌ಸಿ ಮತ್ತು ಮೂಲ ಬಿಲ್ಲಿನ ಪ್ರತಿ ಹಿಡಿದುಕೊಂಡು ಕಾಸರಗೋಡು ಆರ್‌ಟಿಒ ಕಚೇರಿಗೆ ಹೋಗಿ ತೆರಿಗೆ ಎಷ್ಟಾಗ್ತದೆ ಎಂದು ಬರೆಸಿಕೊಳ್ಳಿ. ಲೆಕ್ಕ ಕೈಗೆ ಸಿಗುವ ತನಕ 90 ಸಾವಿರ ಬದಿಗಿಡಿ.

ಮಂಜೇಶ್ವರ66

ಇದು ಸರಿ. 7.71ರಲ್ಲಿ 90 ಸಾವಿರ ಹೋದರೆ 6.81. ಮಾಸ್ಟ್ರ ಲೆಕ್ಕದಲ್ಲಿ 5.90. ಮಂಗಳೂರಿನವರೇ ತೆಗೆದುಕೊಂಡರೆ ಅವರಿಗೆ ಈ ಖರ್ಚು ಇಲ್ಲ, ಹಾಗಾಗಿ ಮಾರುವವರು ನಿಮಗೋಸ್ಕರ ಇಳಿಸುವುದು ಕಷ್ಟ. ಗಡಿಯ ಈಚೆಯವರಿಗೆ ಕೆಎ ಬೋರ್ಡಿನ ಇವಿ ಅಗ್ಗ ಕಾಣುವುದು ಬೋರ್ಡು ಬದಲಾಗುವ ತನಕ ಮಾತ್ರ.

ವೋಲ್ಟ್ ಭಾವ

ಎಲ್ಲರೂ ಶೇ. 88 ಅಂತ ಬರೆದುಕೊಂಡು ಹೋಗ್ತಾ ಇದ್ದೀರಿ. ಅಳೆದದ್ದು ಯಾರು?

ಮೀಟರಿನಲ್ಲಿ ತೋರಿಸುವ ರೇಂಜ್ ನಂಬಬೇಡಿ, ಅದು ಹಿಂದಿನ ಕೆಲವು ಕಿಲೋಮೀಟರ್ ಹೇಗೆ ಓಡಿಸಿದ್ದಾರೆ ಎಂಬುದರ ಮೇಲೆ ಹೇಳುವ ಅಂದಾಜು. ಮಾರುವ ಹಿಂದಿನ ದಿನ ಮೆಲ್ಲಗೆ ಓಡಿಸಿದರೆ 230 ಕೂಡ ತೋರಿಸೀತು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಹೇಳ್ತೇನೆ. 16 ಆಂಪಿಯರಿನ ಪ್ಲಗ್‌ಗೆ ಸಿಕ್ಕಿಸುವ ಯುನಿಟ್ ಮೀಟರ್ ಸಿಗ್ತದೆ, ಒಂದು ಕಿಲೋವ್ಯಾಟ್ ಅವರ್ ಅಂದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯುನಿಟ್. ಮೊದಲು ಕಾರನ್ನು ಶೇ. 100ಕ್ಕೆ ಚಾರ್ಜ್ ಮಾಡಿ, ಚಾರ್ಜರ್ ತಾನಾಗಿ ನಿಲ್ಲುವ ತನಕ ಬಿಡಿ. ನೆಕ್ಸಾನ್, ಟಿಯಾಗೊ ಎರಡರದ್ದೂ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲು. ಅದರ ವೋಲ್ಟೇಜ್ ನಡುವಿನಲ್ಲಿ ಚಪ್ಪಟೆ ಗೆರೆ, ಶೇ. 30ಕ್ಕೂ 70ಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ವಾರಗಟ್ಟಲೆ ಪೂರ್ತಿ ತುಂಬಿಸದ ಗಾಡಿಯಲ್ಲಿ ತೋರಿಸುವ ಶೇಕಡವೇ ತಪ್ಪಿರ್ತದೆ. ಪೂರ್ತಿ ತುಂಬಿದಾಗ ಲೆಕ್ಕ ಸರಿ ಆಗ್ತದೆ, ಸೆಲ್ಲುಗಳೂ ಸಮ ಆಗ್ತವೆ.

ಆಮೇಲೆ ಶೇ. 20ರ ಕೆಳಗೆ ಬರುವ ತನಕ ಓಡಿಸಿ, ರಾತ್ರಿ ಮೀಟರ್ ಹಾಕಿ 100ಕ್ಕೆ ಚಾರ್ಜ್ ಮಾಡಿ. 3.3 ಕಿಲೋವ್ಯಾಟಿನ ಚಾರ್ಜರಿನಲ್ಲಿ ಎಂಟು ಒಂಬತ್ತು ಗಂಟೆ ಹಿಡಿಯುತ್ತದೆ. ಗೋಡೆಯಿಂದ ಬಂದ ಯುನಿಟ್ಟನ್ನು 0.88ರಿಂದ ಗುಣಿಸಿ, ಚಾರ್ಜ್ ಆಗುವಾಗ ಶೇ. 10ರಿಂದ 15 ಬಿಸಿಯಾಗಿ ಹೋಗುವುದಕ್ಕೆ ಆ ಕಡಿತ. ಬಂದದ್ದನ್ನು ತುಂಬಿಸಿದ ಪಾಲಿನಿಂದ ಭಾಗಿಸಿ. ಉದಾಹರಣೆಗೆ, ಶೇ. 18ರಿಂದ 100ಕ್ಕೆ 25.1 ಯುನಿಟ್ ಎಳೆದರೆ 25.1 × 0.88 ÷ 0.82, ಅಂದರೆ 26.9 ಯುನಿಟ್. 30.2ಕ್ಕೆ ಹೋಲಿಸಿದರೆ ಶೇ. 89.

ಇನ್ನೊಂದು ಪರೀಕ್ಷೆ ಓಡಿಸಿ ನೋಡುವುದು. ಟ್ರಿಪ್ ಮೀಟರ್ ಸೊನ್ನೆ ಮಾಡಿ 80 ಕಿ.ಮೀ. ಓಡಿಸಿ. ಸರಾಸರಿ ಕಿಲೋಮೀಟರಿಗೆ 135 ವ್ಯಾಟ್ ಅವರ್ ತೋರಿಸಿ ಶೇ. 40 ಇಳಿದಿದ್ದರೆ, 80 × 135, 10,800 ವ್ಯಾಟ್ ಅವರ್ ಅಂದರೆ 10.8 ಯುನಿಟ್, ಅದನ್ನು 0.40ರಿಂದ ಭಾಗಿಸಿದರೆ 27. ಎರಡು ಪರೀಕ್ಷೆಯೂ ಹತ್ತಿರ ಹತ್ತಿರ ಬಂದರೆ ನಂಬಬಹುದು.

ಲೆಕ್ಕದ ಮಾಸ್ಟ್ರು

ಭಾವ, ಒಂದು ತಕರಾರು. 30.2 ಎನ್ನುವುದು ಹೆಸರಿನ ಲೆಕ್ಕ. ಸೆಲ್ಲು ಉಳಿಸಲಿಕ್ಕೆ ಮೇಲೆ ಕೆಳಗೆ ಸ್ವಲ್ಪ ಕಟ್ಟಿಟ್ಟಿರ್ತಾರೆ, ಹೊಸ ಗಾಡಿಯಲ್ಲೂ ಅಷ್ಟೂ ಉಪಯೋಗಕ್ಕೆ ಸಿಗುವುದಿಲ್ಲ. ಜೊತೆಗೆ ನಿಮ್ಮ 0.88 ಕೂಡ ಅಂದಾಜು. ಹಾಗಾಗಿ ಆ 89ರಲ್ಲಿ ನಾಲ್ಕೈದು ಶೇಕಡ ಅತ್ತಿತ್ತ ಆಗಬಹುದು.

ವೋಲ್ಟ್ ಭಾವ

ಖಂಡಿತ. ಅದಕ್ಕೇ ನಾನು ಈ ಸಂಖ್ಯೆಯಿಂದ ಬೆಲೆ ನಿರ್ಧಾರ ಮಾಡುವುದಿಲ್ಲ, ಬೇಡದ ಗಾಡಿಯನ್ನು ಬಿಡಲಿಕ್ಕೆ ಮಾತ್ರ ಉಪಯೋಗಿಸುವುದು. 80ಕ್ಕಿಂತ ಕೆಳಗೆ ಬಂದರೆ ಮುಂದೆ ಹೋಗಬೇಡಿ. 85ರ ಮೇಲೆ ಬಂದರೆ ಸರ್ವಿಸ್ ಸೆಂಟರಿಗೆ ಕೊಂಡುಹೋಗಿ ಬ್ಯಾಟರಿ ರಿಪೋರ್ಟ್ ತೆಗೆಸಿ.

ರಿಪೋರ್ಟಿನಲ್ಲಿ ಆರೋಗ್ಯದ ಶೇಕಡಕ್ಕಿಂತ ಮೊದಲು ನೋಡಬೇಕಾದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ಲಿನ ವೋಲ್ಟೇಜ್ ವ್ಯತ್ಯಾಸ. ಅದನ್ನು ಶೇ. 50ರಲ್ಲಿ ತೆಗೆದರೆ ಎಲ್ಲಾ ಗಾಡಿಯೂ ಪಾಸು, ಎಲ್‌ಎಫ್‌ಪಿ ಅಲ್ಲಿ ಸುಳ್ಳು ಹೇಳ್ತದೆ. ಶೇ. 15ರ ಕೆಳಗೆ ತೆಗೆಸಿ. ಒಂದು ಸೆಲ್ಲು ಬಲ ಕಳೆದುಕೊಂಡಿದ್ದರೆ ಅಲ್ಲಿ ಅದು ಬೇರೆ ಸೆಲ್ಲುಗಳಿಗಿಂತ ಮೊದಲೇ ಕುಸಿಯುತ್ತದೆ. ಓಡಿಸುವಾಗ ಗೊತ್ತಾಗುವುದು ಹೀಗೆ: 14, 13 ತೋರಿಸ್ತಾ ಇದ್ದದ್ದು ಒಮ್ಮೆಲೇ 5ಕ್ಕೆ ಬೀಳುವುದು, ಇಲ್ಲವೇ ಆಕ್ಸಿಲರೇಟರ್ ಒತ್ತಿದರೂ ಶಕ್ತಿ ಬಾರದೆ ಆಮೆ ಚಿತ್ರ ಬರುವುದು. ಈ ಪರೀಕ್ಷೆ ಚಾರ್ಜರಿನ ಹತ್ತಿರವೇ ಸುತ್ತುತ್ತಾ ಮಾಡಿ, ಆನೆಕಲ್ಲು ಗುಡ್ಡೆ ಹತ್ತಲಿಕ್ಕೆ ಹೋಗಬೇಡಿ.

ಹ್ಯುಂಡೈ ಕೋನಾದಂಥ ಎನ್‌ಎಂಸಿ (ನಿಕ್ಕಲ್–ಮ್ಯಾಂಗನೀಸ್–ಕೋಬಾಲ್ಟ್ ಸೆಲ್ಲಿನ) ಗಾಡಿ ನೋಡುವವರಿಗೆ ಕೆಲಸ ಸುಲಭ. ಕಾರಿನ ತಪಾಸಣೆಯ ಪ್ಲಗ್ಗಿಗೆ (ಒಬಿಡಿ) ಬ್ಲೂಟೂತ್ ಡಾಂಗಲ್ ಹಾಕಿ ಮೊಬೈಲ್ ಆ್ಯಪಿನಲ್ಲಿ ಆರೋಗ್ಯ, ಸೆಲ್ ವೋಲ್ಟೇಜ್ ಓದಬಹುದು.

ಕುಂಬಳೆ ಕಡಲು

ಅಡಿ ನೋಡುವುದು ಹೇಗೆ ಅಂತ ಯಾರೂ ಬರೆಯಲಿಲ್ಲ. ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ, ಜ್ಯಾಕ್ ಹಾಕಿ ಮೊಬೈಲ್ ಟಾರ್ಚಿನಲ್ಲಿ ನೋಡಿದರೆ ಆಗ್ಲಿಕ್ಕಿಲ್ಲ.

ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಗೀರು ಇದ್ದರೆ ಪರವಾಗಿಲ್ಲ, ತಗ್ಗು ಬಿದ್ದಿದ್ದರೆ ಬೇಡ. ಹೆದ್ದಾರಿ 66ರ ಕೆಲಸ ನಡೆದ ವರ್ಷಗಳಲ್ಲಿ ಸರ್ವಿಸ್ ರಸ್ತೆಯ ಹೊಂಡದಲ್ಲಿ ಓಡಿದ ಗಾಡಿಗಳಿಗೆ ಅಡಿ ತಾಗಿದ್ದು ಹೆಚ್ಚು. ಹೊರಗಿನಿಂದ ಪೆಟ್ಟು ಬಿದ್ದು ಹಾಳಾದ ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲ, ಅದು ಇನ್ಶೂರೆನ್ಸಿನ ಲೆಕ್ಕ. ಎಂಟು ವರ್ಷದ ವಾರಂಟಿ ಅಂತ ನಂಬಿ ಕೂತವರಿಗೆ ಇದು ದೊಡ್ಡ ಗುಂಡಿ.

ಪೆಟ್ಟಿಗೆ ಕಟ್ಟಿದ ಬೋಲ್ಟುಗಳ ತಲೆ, ಕಿತ್ತಳೆ ಬಣ್ಣದ ಕೇಬಲಿನ ಕನೆಕ್ಟರ್, ಅರ್ತ್ ಪಟ್ಟಿ ಮೂರನ್ನೂ ನೋಡಿ. ಕಿತ್ತಳೆ ಕೇಬಲಿನಲ್ಲಿ ಹೈ ವೋಲ್ಟೇಜ್ ಇರ್ತದೆ, ಕೈಯಲ್ಲಿ ಮುಟ್ಟುವುದು ಬೇಡ. ಕನೆಕ್ಟರಿನಲ್ಲಿ ಹಸಿರು ಪುಡಿ ಕಂಡರೆ ನೀರು ಒಳಗೆ ಹೋಗಿದೆ. ಅಂಥ ಗಾಡಿ ಬೇಸಿಗೆಯಲ್ಲಿ ಸರಿ ಓಡ್ತದೆ, ಆಟಿ ತಿಂಗಳ ಮಳೆಗೆ ಇನ್ಸುಲೇಶನ್ ಕಡಿಮೆಯಾಗಿ ಎಚ್ಚರಿಕೆ ದೀಪ ಹಾಕಿ ನಿಂತುಬಿಡ್ತದೆ. ಸರ್ವಿಸ್ ಸೆಂಟರಿನಲ್ಲಿ ಹಳೆ ಫಾಲ್ಟ್ ಕೋಡುಗಳ ಪಟ್ಟಿ ಕೇಳಿ, ಇನ್ಸುಲೇಶನ್ ಅಥವಾ ಐಸೊಲೇಶನ್ ಫಾಲ್ಟ್ ಒಂದು ಸಲ ಬಂದಿದ್ದರೂ ಕಾರಣ ಕೇಳಿ. ನೀರಿನಲ್ಲಿ ನಿಂತ ಗಾಡಿಯಾ ಅಂತ ನೋಡಲಿಕ್ಕೆ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರ್ತದೆ.

ಇವಿಯಲ್ಲಿ ಬ್ರೇಕ್ ಡಿಸ್ಕ್ ಸವೆಯುವುದಕ್ಕಿಂತ ತುಕ್ಕು ಹಿಡಿದು ಹೋಗುವುದೇ ಹೆಚ್ಚು, ರೀಜನ್ (ಮೋಟರೇ ವೇಗ ತಗ್ಗಿಸಿ ಬ್ಯಾಟರಿ ತುಂಬಿಸುವುದು) ಇರುವುದರಿಂದ ಬ್ರೇಕ್ ಒತ್ತುವುದೇ ಕಡಿಮೆ. ಟಯರ್ ಮಾತ್ರ ಬೇಗ ಸವೆಯುತ್ತದೆ. ಬದಿಯಲ್ಲಿ ನಾಲ್ಕಂಕಿಯ ಗುರುತು ಇರ್ತದೆ, 4421 ಅಂದರೆ 2021ರ 44ನೇ ವಾರದ್ದು. ಆ ನೆಕ್ಸಾನಿನಲ್ಲಿ ಇನ್ನೂ 2021ರ ಟಯರೇ ಇದ್ದರೆ ನಾಲ್ಕೂ ಹೊಸದು ಬೇಕು, ಬೆಲೆಯಿಂದ ಕಳೆಯಿರಿ. 12 ವೋಲ್ಟಿನ ಸಣ್ಣ ಬ್ಯಾಟರಿ ನಾಲ್ಕು ವರ್ಷದ್ದಾದರೆ ಅದನ್ನೂ. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಸಣ್ಣದು ಸತ್ತರೆ ಕಾರು ಎದ್ದೇಳುವುದಿಲ್ಲ.

ಇನ್ನು ಇಲಿ. ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ ನಿಲ್ಲಿಸಿದ ಗಾಡಿಯಾದರೆ ಬಾನೆಟ್ ಎತ್ತಿ ವೈರ್ ಸುತ್ತಿದ ಟೇಪ್ ನೋಡಿ.

ಬಾಯಾರು ಅಕ್ಕ

ಎಂಜಿ ಕಂಪನಿಯ ವಿಂಡ್ಸರ್ ಇವಿ ನೋಡುವವರಿಗೂ ಒಂದು ಮಾತು. ಎಂಜಿಯ ಕೆಲವು ಗಾಡಿಗಳು ಬ್ಯಾಟರಿ ಬಾಡಿಗೆಯಲ್ಲಿ ಹೋಗಿವೆ, ಕಾರು ಅವರದ್ದು, ಬ್ಯಾಟರಿ ಫೈನಾನ್ಸಿನದ್ದು, ಕಿಲೋಮೀಟರ್ ಲೆಕ್ಕದಲ್ಲಿ ಕಂತು. ಅಂಥದ್ದು ಅಗ್ಗಕ್ಕೆ ಕಂಡರೆ ಕರಾರು ಪತ್ರ ತರಿಸಿ ಓದಿ. ಮತ್ತೆ "ಲೈಫ್‌ಟೈಮ್ ಬ್ಯಾಟರಿ ವಾರಂಟಿ" ಅಂತ ಜಾಹೀರಾತಿನಲ್ಲಿ ಬರುವುದು ಮೊದಲ ಮಾಲಕರಿಗೆ ಮಾತ್ರ. ಎರಡನೆಯವರಿಗೆ ವರ್ಷ ಮತ್ತು ಕಿ.ಮೀ. ಮಿತಿ ಇರುವ ವಾರಂಟಿ.

ಚೆರ್ಕಳ ಸರ್ಕಲ್

ಅಕ್ಕ ಹೇಳಿದ್ದಕ್ಕೆ ಇನ್ನೆರಡು ಸೇರಿಸ್ತೇನೆ. ಬೆಂಗಳೂರಿನಿಂದ ಬರುವ ಟಾಟಾದ ಅಗ್ಗದ ಟಿಗೋರ್, ಎಕ್ಸ್‌ಪ್ರೆಸ್ ಟಿ ಇವಿಗಳಲ್ಲಿ ಹೆಚ್ಚಿನವು ಟ್ಯಾಕ್ಸಿ ಓಡಿದವು. ಹಸಿರು ಬೋರ್ಡಿನಲ್ಲಿ ಬಿಳಿ ಅಕ್ಷರ ಇದ್ದರೆ ಸ್ವಂತದ್ದು, ಹಳದಿ ಅಕ್ಷರ ಇದ್ದರೆ ಬಾಡಿಗೆಯದ್ದು. ಟ್ಯಾಕ್ಸಿಗೆ ಕಿಲೋಮೀಟರ್ ಮಿತಿ ಎರಡು ಮೂರು ವರ್ಷದಲ್ಲೇ ಮುಗಿಯುತ್ತದೆ, ಸ್ವಂತದ್ದಾಗಿ ಬದಲಿಸಲಿಕ್ಕೆ ಆರ್‌ಟಿಒ ಕೆಲಸ ಬೇರೆ. 2019–20ರ ಮೊದಲ ಟಿಗೋರ್ ಇವಿಯಲ್ಲಿ ಫಾಸ್ಟ್ ಚಾರ್ಜ್ ಪಿನ್ನೇ ಬೇರೆ, ಈಗಿನ ಸಿಸಿಎಸ್ 2 ಗನ್ ಅದಕ್ಕೆ ಕೂರುವುದಿಲ್ಲ. ಎರಡು ಲಕ್ಷಕ್ಕೆ ಸಿಕ್ಕಿದರೂ ಊರು ಬಿಟ್ಟು ಹೋಗಲಿಕ್ಕೆ ಆಗದ ಗಾಡಿ.

ಡೀಲರಿನಿಂದ ತೆಗೆದರೆ ಅವರ ಲಾಭದ ಮೇಲೆ ಶೇ. 18 ಜಿಎಸ್‌ಟಿ ಕೂತಿರ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಆದರೆ ಜಿಎಸ್‌ಟಿ ಇಲ್ಲ.

ಲೆಕ್ಕದ ಮಾಸ್ಟ್ರು

ಈಗ ಟಿಯಾಗೊ. ಹೊಸ 24ರ ಎಕ್ಸ್‌ಟಿ ಇಲ್ಲಿ 11.1 ಲಕ್ಷಕ್ಕೆ ರಸ್ತೆಗೆ ಬರ್ತದೆ ಎಂದು ಹಿಡಿಯಿರಿ. ಬ್ಯಾಟರಿಗೆ 3.5, ಗಾಡಿಗೆ 7.6. ಎರಡೂವರೆ ವರ್ಷಕ್ಕೆ ಗಾಡಿಗೆ ಶೇ. 65, ಅಂದರೆ 4.94. ಬ್ಯಾಟರಿ ವಾರಂಟಿ 2031ರ ಮೇ ತನಕ, ವರ್ಷದಲ್ಲಿ ಉಳಿದದ್ದು ಶೇ. 69, ಕಿಲೋಮೀಟರಿನಲ್ಲಿ 81. ಕಡಿಮೆಯದ್ದು ಹಿಡಿದರೆ 2.41. ಒಟ್ಟು 7.35. ಕೆಎಲ್ 14 ಆದ್ದರಿಂದ ಹೊಸ ತೆರಿಗೆ ಇಲ್ಲ. ಕೇಳುವುದು 6.90. ಅಂದರೆ ಪರೀಕ್ಷೆ ಪಾಸಾದರೆ ಚೌಕಾಸಿ ಮಾಡದಿದ್ದರೂ ನಷ್ಟ ಇಲ್ಲ.

ಮಂಜೇಶ್ವರ66

ಆದರೆ ನೆಕ್ಸಾನ್ ದೊಡ್ಡ ಗಾಡಿ, ರೇಂಜ್ ಹೆಚ್ಚು.

ವೋಲ್ಟ್ ಭಾವ

ದೊಡ್ಡದು ಹೌದು, ರೇಂಜ್ ಅಲ್ಲ. ಲೆಕ್ಕ ನೋಡಿ. ನೆಕ್ಸಾನಿನಲ್ಲಿ ಉಳಿದದ್ದು ಸುಮಾರು 26.9 ಯುನಿಟ್, ನಮ್ಮ ಏರು ತಗ್ಗಿನ ರಸ್ತೆಯಲ್ಲಿ ಎಸಿ ಹಾಕಿ ಕಿಲೋಮೀಟರಿಗೆ 140 ವ್ಯಾಟ್ ಅವರ್ ಹಿಡಿದರೆ 192 ಕಿ.ಮೀ. ಟಿಯಾಗೊದಲ್ಲಿ ಶೇ. 94 ಉಳಿದಿದ್ದರೆ 22.5 ಯುನಿಟ್, ಹಗುರ ಗಾಡಿ, 115ರ ಲೆಕ್ಕದಲ್ಲಿ 196. ಹಳೆ ದೊಡ್ಡ ಬ್ಯಾಟರಿಯೂ ಹೊಸ ಸಣ್ಣ ಬ್ಯಾಟರಿಯೂ ಒಂದೇ ಕಡೆ ಬಂದು ನಿಂತವು. ಮಂಗಳೂರು ಹೋಗಿ ಬರುವುದು 110 ಕಿ.ಮೀ. ಒಳಗೆ, ಎರಡಕ್ಕೂ ಸಾಕು. ಹಿಂದೆ ಮೂವರು ದೊಡ್ಡವರು ಕೂರುವ ಮನೆಯಾದರೆ ಮಾತ್ರ ನೆಕ್ಸಾನ್.

ಅರ್ತಿಂಗ್ ಮೇಸ್ತ್ರಿ

ಯಾವ ಗಾಡಿ ಬಂದರೂ ಮನೆಯ ಕೆಲಸ ಮೊದಲು. 13–14 ಆಂಪಿಯರ್ ಒಂಬತ್ತು ಗಂಟೆ ಎಳೆಯುವ ಪ್ಲಗ್ಗಿಗೆ ಬೋರ್ಡಿನಿಂದ ಬೇರೆಯೇ ವೈರ್ ಎಳೆಯಬೇಕು: 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಹೀಟರಿನ ಹಳೆ ಸಾಕೆಟಿಗೆ ಹಾಕಿದರೆ ಒಂದು ತಿಂಗಳಲ್ಲಿ ಪಿನ್ ಕರಗಿ ಅಂಟಿಕೊಳ್ತದೆ.

ಅರ್ತ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ಹಾಕಿ ಸುಮ್ಮನಾಗ್ತದೆ. ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ನೆಲ ಒಣಗಿದಾಗ ಹೀಗಾಗುವುದು, ಗಾಡಿ ಹಾಳಾಯಿತು ಅಂತ ಸರ್ವಿಸ್ ಸೆಂಟರಿಗೆ ಓಡುವುದು ಬೇಡ. ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ತ್ ಎರಡೂ ಹೆಚ್ಚು ಕಡಿಮೆ ಒಂದೇ ವೋಲ್ಟ್ ತೋರಿಸಬೇಕು. ತೋಟದ ಪಂಪು ಓಡುವ ಹೊತ್ತಿಗೆ 190ಕ್ಕೆ ಇಳಿಯುವ ಲೈನಾದರೆ ರಾತ್ರಿ ಹತ್ತರ ಮೇಲೆ ಚಾರ್ಜ್ ಹಾಕಿ.

ಮತ್ತೆ ಬಿಲ್ಲು. ನಿಮ್ಮ ಓಡಾಟ ತಿಂಗಳಿಗೆ 1,600 ಕಿ.ಮೀ. ಹಿಡಿದರೆ ಟಿಯಾಗೊಗೆ ಗೋಡೆಯಲ್ಲಿ 210 ಯುನಿಟ್. ಕೆಎಸ್‌ಇಬಿಯಲ್ಲಿ (ಕೇರಳದ ವಿದ್ಯುತ್ ಮಂಡಳಿ) ತಿಂಗಳಿಗೆ 250 ಯುನಿಟ್ ದಾಟಿದರೆ ಹಂತದ ದರ ಹೋಗಿ ಮೊದಲ ಯುನಿಟ್ಟಿನಿಂದ ಒಂದೇ ದರ. ಮನೆಯ ಖರ್ಚು 150 ಇದ್ದರೆ ದಾಟುವುದು ಖಂಡಿತ. ಪೆಟ್ರೋಲಿಗೆ ಹೋಲಿಸಿ ಉಳಿತಾಯ ಲೆಕ್ಕ ಹಾಕುವಾಗ ಈ ಹೊಸ ದರದಲ್ಲಿ ಹಾಕಿ.

ಬದಿಯಡ್ಕದವ

ಎಲ್ಲರಿಗೂ ಉಪಕಾರ ಆಯ್ತು. ನೆಕ್ಸಾನಿಗೆ 6.50ರ ಮೇಲೆ ಹೋಗುವುದಿಲ್ಲ ಎಂದು ಹೇಳಿದೆ, ಅವರು 7.90ರಲ್ಲಿ ನಿಂತಿದ್ದಾರೆ. ಟಿಯಾಗೊದವರು ಎರಡು ರಾತ್ರಿ ಗಾಡಿ ಬಿಟ್ಟು ಹೋಗಲಿಕ್ಕೆ ಒಪ್ಪಿದರು. ಮೀಟರ್ ಹಾಕಿ ನೋಡಿದಾಗ ಶೇ. 16ರಿಂದ 100ಕ್ಕೆ 21.6 ಯುನಿಟ್.

ವೋಲ್ಟ್ ಭಾವ

21.6 × 0.88 ÷ 0.84, ಅಂದರೆ 22.6. ಶೇ. 94. ಕೆಳಗೆ ಇಳಿಸಿ ನೋಡಿದಿರಾ?

ಬದಿಯಡ್ಕದವ

11ರ ತನಕ ಇಳಿಸಿದೆ, ಒಂದೊಂದೇ ಇಳಿಯಿತು, ಜಿಗಿಯಲಿಲ್ಲ. ಟಯರ್ ಎರಡು ಬೇಕು.

ಲೆಕ್ಕದ ಮಾಸ್ಟ್ರು

6.75 ಹೇಳಿ. ಸರ್ವಿಸ್ ಸೆಂಟರಿನ ರಿಪೋರ್ಟು, ವಾರಂಟಿ ನಿಮ್ಮ ಹೆಸರಿಗೆ ದಾಖಲಾಗ್ತದೆ ಎಂದು ಅವರ ಬರಹ ಬಂದ ಮೇಲೆ ಅಡ್ವಾನ್ಸ್. ಜೊತೆಗೆ ಬರುವ 15 ಆಂಪಿಯರಿನ ಚಾರ್ಜಿಂಗ್ ಕೇಬಲ್ ಮತ್ತು ಎರಡನೇ ಕೀ ಕೇಳಲಿಕ್ಕೆ ಮರೆಯಬೇಡಿ. ಇನ್ಶೂರೆನ್ಸ್ ಹದಿನಾಲ್ಕು ದಿನದ ಒಳಗೆ ನಿಮ್ಮ ಹೆಸರಿಗೆ ಮಾಡಿಸಿ, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಮಾರುವವರ ಜೊತೆಗೇ ಹೋಗ್ತದೆ, ಆ ವ್ಯತ್ಯಾಸದ ಹಣ ನೀವು ಕಟ್ಟಬೇಕಾದೀತು.